ಸಡಿಲ ಹೊಲಿಗೆ

ಆ ಎರಡು ದೊಡ್ಡ ದೇಶಗಳ ಸಹವಾಸವೇ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ ನನಗೆ. ಇವತ್ತು ಕೈ ಕುಲುಕುತ್ತಾರೆ, ನಾಳೆ ಮುಖ ತಿರುಗಿಸುತ್ತಾರೆ. ಅವರ ಜಗಳಕ್ಕೂ ರಾಜಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾದವರು ನಮ್ಮ ಅತ್ತಿಗೆ.

ನನ್ನ ಅಣ್ಣನ ಹೆಂಡತಿ ಅವರು. ಹದಿನೆಂಟು ವರ್ಷದಿಂದ ಕೋಟು ಹೊಲಿಯುವ ಕಾರ್ಖಾನೆಯಲ್ಲಿದ್ದಾರೆ. ಕೋಟಿನ ಕುತ್ತಿಗೆಯ ಒಳಗೆ ಅಂಗಡಿಯ ಹೆಸರಿನ ಲೇಬಲ್ ಹೊಲಿಯುವುದು ಅವರ ಕೆಲಸ. ನನ್ನನ್ನು ಅಲ್ಲಿಗೆ ಸೇರಿಸಿ, ಪಕ್ಕದ ಮಿಷನ್ನಿಗೆ ಕೂರಿಸಿ, ಕೆಲಸ ಕಲಿಸಿದವರೂ ಅವರೇ. ಇಷ್ಟು ವರ್ಷವಾದರೂ ಅವರು ಇನ್ನೂ ಹಂಗಾಮಿ. ಬಲಭುಜ ಸವೆದುಹೋಗಿ ತಲೆ ಬಾಚಲೂ ಎಡಗೈ ಬೇಕು. ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳು ಮನೆಯಲ್ಲಿರಬೇಕು ಎಂದಿದ್ದಾರೆ ಡಾಕ್ಟರು. ಹಂಗಾಮಿಯವರು ನಾಲ್ಕು ದಿನ ಬರದಿದ್ದರೆ ಹೆಸರೇ ಹೊಡೆದುಹಾಕುತ್ತಾರೆ. ಈ ವರ್ಷ ಒಬ್ಬರನ್ನು ಖಾಯಂ ಮಾಡುತ್ತೇವೆ, ಅದು ನೀವೇ ಎಂದು ಮ್ಯಾನೇಜರ್ ಅತ್ತಿಗೆಗೆ ಮಾತು ಕೊಟ್ಟಿದ್ದ.

ನಮಗೆ ಬಟ್ಟೆ ಬರುವುದು ಒಂದು ದೇಶದಿಂದ, ಕೋಟು ಕೊಳ್ಳುವ ಅಂಗಡಿ ಇನ್ನೊಂದು ದೇಶದ್ದು. ಇಬ್ಬರೂ ಜಗಳ ತೆಗೆದರು. ಆ ಬಟ್ಟೆಯ ಕೋಟು ನಮಗೆ ಬೇಡ ಎಂದಿತು ಅಂಗಡಿ. ಬೇರೆಯವರಿಗೆ ಮಾರಬೇಕೆಂದು ಲೇಬಲ್ ಬಿಚ್ಚಿದೆವು. ಹದಿನೈದು ದಿನಕ್ಕೆ ರಾಜಿ, ಮತ್ತೆ ಹೊಲಿದೆವು. ಕೋಟು ಗೋದಾಮು ದಾಟುವ ಮೊದಲೇ ಮತ್ತೆ ಜಗಳ, ಮತ್ತೆ ಬಿಚ್ಚು. ಹೊಲಿಯುವುದಾದರೆ ಮಿಷನ್ನು, ಬಿಚ್ಚುವುದೆಲ್ಲ ಕೈಯಲ್ಲೇ. ಅತ್ತಿಗೆ ಹಲ್ಲು ಕಚ್ಚಿಕೊಂಡು ಕೀಳುತ್ತಿದ್ದರು.

ಮೂರನೇ ಸಲ ಹೊಲಿಯಿರಿ ಎಂದಾಗ ಅವರು ಮಿಷನ್ನಿನ ತಿರುಪು ತಿರುಗಿಸಿ ಹೊಲಿಗೆಯನ್ನು ಉದ್ದ ಮಾಡಿಕೊಂಡರು. ಎಳೆದರೆ ಸರ್ರನೆ ಬಿಚ್ಚಿ ಬರಬೇಕು, ಹಾಗೆ.

“ಅತ್ತಿಗೆ, ಬಿಗಿಯಾಗಿ ಹಾಕಿ,” ಎಂದೆ.

“ಸುಮ್ನಿರೇ. ಇನ್ನೊಂದು ವಾರಕ್ಕೆ ಇಬ್ರೂ ಮತ್ತೆ ಕಿತ್ತಾಡ್ತಾರೆ, ನೋಡ್ತಿರು. ಬಿಚ್ಚೋಳು ನಾನು ತಾನೇ? ಈ ಭುಜ ಇಟ್ಕೊಂಡು ಎಷ್ಟೂಂತ ಕೀಳ್ಲಿ?”

ಹಾಳಾದವರು ಕಿತ್ತಾಡಲೇ ಇಲ್ಲ! ಅದೊಂದು ಸಲ ಗಳಸ್ಯಕಂಠಸ್ಯ ಆಗಿಬಿಟ್ಟರು. ಕೋಟುಗಳು ಸೀದಾ ಹಡಗು ಹತ್ತಿದವು. ಅಂಗಡಿಯಲ್ಲಿ ಜನ ಹಾಕಿ ನೋಡುವಾಗಲೇ ಲೇಬಲ್ ಕಿತ್ತು ಕೈಗೆ ಬಂತಂತೆ. ನಾನೂರು ಕೋಟು ವಾಪಸ್.

ಪ್ರತಿ ಕೋಟಿನ ಜೇಬಿನಲ್ಲೂ ಲೇಬಲ್ ಹೊಲಿದವರ ನಂಬರಿನ ಚೀಟಿ ಇರುತ್ತದೆ. ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದ.

“ಹದಿನೆಂಟು ವರ್ಷದ ಅನುಭವ ನಿಮ್ದು. ಏನಮ್ಮ ಇದು?”

“ಮತ್ತೆ ಬಿಚ್ಚಿಸ್ತೀರಿ ಅಂದ್ಕೊಂಡೆ ಸಾರ್,” ಎಂದರು ಅತ್ತಿಗೆ.

ಆತನಿಗೂ ನಗು ಬಂತು. ನಗುತ್ತಲೇ ಖಾಯಂ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೀಟು ಎಳೆದ. “ಕೆಲಸದಿಂದ ತೆಗೆಯಲ್ಲ ಬಿಡಿ. ಆದ್ರೆ ಖಾಯಂ ಮಾಡಿದ್ರೆ ಮಾಲೀಕರು ನನ್ನನ್ನ ಬಿಡ್ತಾರಾ? ನಿಮ್ಮ ನಾದಿನಿ ಹೊಲಿದಿದ್ದು ಒಂದೂ ಬಿಚ್ಚಿಲ್ಲ ನೋಡಿ,” ಎನ್ನುತ್ತಾ ನನ್ನ ಹೆಸರು ಬರೆದ.

“ನಂಗೆ ಬೇಡ ಸಾರ್” ಎನ್ನಲು ಬಾಯಿ ತೆರೆದೆ. ಅತ್ತಿಗೆ ನನ್ನ ಕಾಲು ತುಳಿದರು.

ಹೊರಗೆ ಬಂದ ಮೇಲೆ ಬೈದರು. “ತಲೆಗಿಲೆ ಕೆಟ್ಟಿದ್ಯಾ ನಿಂಗೆ? ನಂಗಂತೂ ಸಿಗಲ್ಲ. ನೀನೂ ಬೇಡ ಅಂದ್ರೆ ಯಾರ ಪಾಲಾಗುತ್ತೆ?” ನನ್ನ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚಾದರೂ ಪಡಬಾರದಿತ್ತೇ ಈ ಹೆಂಗಸು! ಅದೂ ಇಲ್ಲ. ನನಗೇ ಅಳು ಬಂತು.

ಈಗಲೂ ಅಕ್ಕಪಕ್ಕವೇ ಕೂರುತ್ತೇವೆ. ಅತ್ತಿಗೆ ಎಡಗೈಯಿಂದ ಬಲಗೈಯನ್ನು ಎತ್ತಿ ಮಿಷನ್ನಿನ ಮೇಲಿಟ್ಟುಕೊಂಡು ಹೊಲಿಯುತ್ತಾರೆ. ಖಾಯಂ ಆದ ಮೇಲೆ ನನಗೆ ವರ್ಷಕ್ಕೆ ಮೂವತ್ತು ದಿನ ಕಾಯಿಲೆ ರಜೆಯಿದೆ. ಒಂದು ನೆಗಡಿಯೂ ಬರುವುದಿಲ್ಲ ನನಗೆ.