ಏರಿದ ಗ್ರೇಡು

ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡಿನಲ್ಲಿ ಅವನನ್ನು ಎಲ್ಲರೂ ಸ್ಯಾಂಪಲ್ ಜಂಬಯ್ಯ ಎಂದೇ ಕರೆಯುತ್ತಿದ್ದರು. ಸಂಡೂರಿನ ಗಣಿಯಿಂದ ಬಂದ ಲಾರಿಗಳ ಮೇಲೆ ಹತ್ತಿ, ಅಲ್ಲಿಷ್ಟು ಇಲ್ಲಿಷ್ಟು ಅದಿರು ಬಗೆದು, ಚೀಲಕ್ಕೆ ತುಂಬಿ ಲ್ಯಾಬಿಗೆ ಕೊಡುವುದು ಅವನ ಕೆಲಸ. ಲ್ಯಾಬಿನ ಚೀಟಿಯಲ್ಲಿ ಗ್ರೇಡು, ಅಂದರೆ ಕಬ್ಬಿಣದ ಅಂಶ, ನೂರಕ್ಕೆ ಅರವತ್ತೈದು ಬಂದರೆ ಮಾಲೀಕನ ಮುಖ ಅರಳುತ್ತಿತ್ತು. ಐವತ್ತೆಂಟು ಬಂದರೆ ಬೈಗುಳವೆಲ್ಲ ಜಂಬಯ್ಯನಿಗೆ, ಕಲ್ಲಿನಲ್ಲಿ ಕಬ್ಬಿಣ ಕಡಿಮೆಯಾದದ್ದು ಅವನದೇ ತಪ್ಪೆಂಬಂತೆ. ಆಗ ಹೊಸಪೇಟೆಯಲ್ಲಿ ಎಲ್ಲರ ಬಾಯಲ್ಲೂ ಗ್ರೇಡಿನ ಮಾತೇ. ಹೋಟೆಲಿನ ಚಹಾಕ್ಕೂ ಗ್ರೇಡು ಹೇಳುವವರಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತು. ಡಾಕ್ಟರ್ ಮಾಧವಿ ಕುಡಿತ ಬಿಡಿಸಿ, ದಿನಾ ನುಂಗಲು ಗುಳಿಗೆ ಬರೆದರು. ನರ್ಸಿಂಗ್ ಹೋಮಿಗೆ ಆಗಾಗ ಬೆಂಗಳೂರಿನಿಂದ ಬರುತ್ತಿದ್ದ ಮಷೀನಿನಲ್ಲಿ ಲಿವರು ಎಷ್ಟು ಬಿರುಸಾಗಿದೆ ಎಂದು ಅಳೆಸಿದರು. ಹನ್ನೊಂದು ಬಂತು. ಹನ್ನೊಂದು ಅಂದರೇನು ಎಂದು ಅವರು ಹೇಳಲಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿದ್ದರು.

ಕೆಲವು ತಿಂಗಳು ಗುಳಿಗೆ ನುಂಗಿದ ದಿನವೂ ಉಂಟು, ಮರೆತ ದಿನವೂ ಉಂಟು. ಎರಡನೇ ಸಲ ಅಳೆಸಿದಾಗ ಮಾಧವಿ ರಜೆಯಲ್ಲಿದ್ದರು. ಕೌಂಟರಿನವನು ರಿಪೋರ್ಟು ಚಾಚಿ, "ಮುಂದಿನ ವಾರ ಬಂದು ಮೇಡಂಗೆ ತೋರಸ್ರಿ" ಎಂದ. ಇಂಗ್ಲಿಷಿನ ಆ ಕಾಗದದಲ್ಲಿ ಜಂಬಯ್ಯನಿಗೆ ಓದಲು ಬಂದದ್ದು ಅಂಕಿಯೊಂದೇ.

"ಸುಂಕೀ, ಗ್ರೇಡ್ ಡಬಲ್ ಆಗೈತಿ ನೋಡಲೇ! ಹನ್ನೊಂದಿತ್ತು, ಇಪ್ಪತ್ಮೂರಾತು!" ಎಂದು ಮನೆಯ ಬಾಗಿಲಿನಿಂದಲೇ ಹೆಂಡತಿಯನ್ನು ಕೂಗಿದ. ಸುಂಕಮ್ಮ ಆ ದಿನ ಹೋಳಿಗೆ ಮಾಡಿದಳು. ವಾಸಿಯಾದವನಿಗೆ ಡಾಕ್ಟರೇಕೆ, ಗುಳಿಗೆಯೇಕೆ? ಎರಡೂ ನಿಂತವು.

ಈ ಕಥೆ ಹೇಳುವಾಗ ನನಗೆ ಮೈಯೆಲ್ಲಾ ಉರಿಯುವುದು ಇಲ್ಲಿಯೇ. ಲಾರಿಯ ಕಲ್ಲಿಗೆ ಎಷ್ಟಿದ್ದರೆ ಒಳ್ಳೆಯದು, ಎಷ್ಟಿದ್ದರೆ ಕೆಟ್ಟದ್ದು ಎಂದು ಕೂಲಿಯವನಿಗೂ ಗೊತ್ತಿದ್ದ ಊರದು. ಮನುಷ್ಯನ ಲಿವರಿಗೆ ಮಾತ್ರ ಬರೀ ಅಂಕಿ ಬರೆದು ಕೈಗಿತ್ತು ಕಳಿಸಿದರು.

ಮರುವರ್ಷ ಬೇಸಗೆಯಲ್ಲಿ ಜಂಬಯ್ಯ ಲಾರಿಯ ಮೇಲೆಯೇ ರಕ್ತ ಕಾರಿಕೊಂಡು ಬಿದ್ದ. ನರ್ಸಿಂಗ್ ಹೋಮಿಗೆ ಹೊತ್ತು ತಂದರು. ಹಳೆಯ ರಿಪೋರ್ಟು ನೋಡಿದ ಮಾಧವಿಗೆ ಸಿಟ್ಟು ನೆತ್ತಿಗೇರಿತು. "ಇಪ್ಪತ್ಮೂರು ಬಂದಾಗ ಯಾಕ ಬರಲಿಲ್ಲ?"

"ಏರಿತ್ತಲ್ರಿ ಮೇಡಂ" ಎಂದಳು ಸುಂಕಮ್ಮ. "ಇಳದ್ರ ಬರಬೇಕು ಅನಕೊಂಡಿದ್ವಿ."

ಮಾಧವಿ ರಿಪೋರ್ಟು ಕೆಳಗಿಟ್ಟು ಸುಂಕಮ್ಮನ ಪಕ್ಕ ಕೂತರು. ಆಮೇಲೆ, "ಇದು ಏರಬಾರದವ್ವಾ. ಏರಿದಷ್ಟೂ ಲಿವರ್ ಕೆಡತೈತಿ. ಈಗ ಭಾಳ ತಡ ಆತು, ನಮ್ಮ ಕೈಯಾಗ ಏನೂ ಉಳಿದಿಲ್ಲ" ಎಂದರು. ಮರುದಿನವೇ ಕನ್ನಡದಲ್ಲಿ ರಬ್ಬರ್ ಸೀಲು ಮಾಡಿಸಿದರು: 'ಈ ಅಂಕಿ ಏರಿದ್ದರೆ ಕಾಯಿಲೆ ಏರಿದೆ ಎಂದರ್ಥ. ಕೂಡಲೇ ಡಾಕ್ಟರನ್ನು ಕಾಣಿ.' ಅಂಕಿಯ ಕೆಳಗೆ ಇದನ್ನೊತ್ತದೆ ಒಂದು ಕಾಗದವೂ ಕೌಂಟರು ದಾಟಬಾರದೆಂದು ಕಟ್ಟಪ್ಪಣೆ ಮಾಡಿದರು.

ಆ ವಾರ ಮಷೀನು ಬಂದಾಗ ಜಂಬಯ್ಯನ ಲಿವರನ್ನು ಮತ್ತೆ ಅಳೆದರು; ಆ ಸೀಲು ಬಿದ್ದ ಮೊದಲ ರಿಪೋರ್ಟು ಅವನದೇ. ಸುಂಕಮ್ಮ ಏಳನೇ ತರಗತಿ ಓದಿದವಳು, ವರಾಂಡದಲ್ಲಿ ನಿಂತು ಓದಿಕೊಂಡಳು.

ಮಂಚದ ಮೇಲೆ ಜಂಬಯ್ಯ ಹಳದಿಗಣ್ಣು ತೆರೆದು, "ಎಷ್ಟಾತು?" ಎಂದು ಕೇಳಿದ.

ಅವಳು ಸೀಲಿದ್ದ ಭಾಗವನ್ನು ಹಿಂದಕ್ಕೆ ಮಡಚಿ, ಅಂಕಿಯನ್ನಷ್ಟೇ ಅವನ ಮುಂದೆ ಹಿಡಿದಳು.

"ನಲವತ್ತಾರು!" ಅವನ ಮುಖ ಅರಳಿತು. "ಸೋಮವಾರದಿಂದ ಕೆಲಸಕ್ಕ ಬರ್ತಾನಂತ ಮಾಲಕರಿಗೆ ಹೇಳು, ಸುಂಕೀ."

"ಹ್ಞೂಂ, ಹೇಳ್ತೀನಿ" ಎಂದಳು ಸುಂಕಮ್ಮ.