ಹೊಸ ಮನೆಯಲ್ಲಿ ಕೊಟ್ಟ ಕುಂಕುಮ

ದೆವ್ವ ನೋಡಿದೆ ಎಂದು ಯಾರಾದರೂ ಹೇಳಿದರೆ, ಆ ದಿನ ಊಟಕ್ಕೆ ಏನಿತ್ತು ಎಂದು ಕೇಳುವ ಜಾಯಮಾನದವನು ನಾನು. ಆಫೀಸಿನಲ್ಲಿ ರಾಹುಕಾಲ ನೋಡಿ ಫೈಲಿಗೆ ಸಹಿ ಹಾಕುವವರನ್ನು ಎದುರೆದುರೇ ಗೇಲಿ ಮಾಡುತ್ತಿದ್ದೆ. ಈ ಬಾಯಿಯಿಂದಾಗಿ ಸ್ನೇಹಿತರು ಕಡಿಮೆಯಾದರು, ಆದರೆ ಇವನು ಯಾವುದಕ್ಕೂ ಹೆದರುವವನಲ್ಲ ಎಂಬ ಹೆಸರೊಂದು ಬಂತು. ಆ ಹೆಸರು ನನಗೆ ಇಷ್ಟವಾಗಿತ್ತು. ಅದನ್ನು ಉಳಿಸಿಕೊಳ್ಳಲು ಹೋಗಿ ನಾನು ಏನು ಮಾಡಿದೆ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಇಷ್ಟು ವರ್ಷ ಬರೆಯದೆ ಇದ್ದದ್ದು ಅದಕ್ಕೇ.

ಅರವತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನಿಂದ ನನಗೆ ಬೆಂಗಳೂರಿಗೆ ವರ್ಗವಾಯಿತು. ಊರೂರು ಅಲೆದದ್ದು ಸಾಕು, ಇಲ್ಲೇ ಒಂದು ಮನೆ ಕೊಂಡು ನೆಲೆ ನಿಲ್ಲೋಣ ಎಂದು ನಾನೂ ನನ್ನ ಹೆಂಡತಿ ಗಿರಿಜಾಳೂ ಒಪ್ಪಿಕೊಂಡೆವು. ನಮ್ಮ ಒಪ್ಪಿಗೆ ಅಲ್ಲಿಗೆ ಮುಗಿಯಿತು. ಹುಡುಕಿ ಹುಡುಕಿ ಕೊನೆಗೆ ಎರಡು ಮನೆಗಳು ಉಳಿದವು. ಅವಳಿಗೆ ಒಂದು ಹಿಡಿಸಿತು, ನನಗೆ ಇನ್ನೊಂದು.

ಅವಳಿಗೆ ಹಿಡಿಸಿದ್ದು ಯಡಿಯೂರಿನ ಹಳೆಯ ಹೆಂಚಿನ ಮನೆ. ನಿವೃತ್ತ ಮೇಷ್ಟರೊಬ್ಬರದು. ಕತ್ತಲೆ ಅಡುಗೆಮನೆ, ತೊಲೆಗೆ ತೊಟ್ಟಿಲು ತೂಗುಹಾಕಿದ ಕೊಂಡಿ, ಬಾಗಿಲವಾಡದ ಮೇಲೆ ಮಕ್ಕಳ ಎತ್ತರ ಅಳೆದು ಗೀಚಿದ ಪೆನ್ಸಿಲ್ ಗೆರೆಗಳು, ಹಿತ್ತಿಲಲ್ಲಿ ಬಾವಿ. ಗಿರಿಜಾ ಬಾವಿಯ ನೀರು ಸೇದಿಸಿಕೊಂಡು ಕುಡಿದಳು. ಬೇಳೆ ಬೇಯುವ ನೀರು ಎಂದಳು. ಅವಳ ಪಾಲಿಗೆ ಅಲ್ಲಿಗೆ ತೀರ್ಮಾನ ಆಗಿಹೋಗಿತ್ತು.

ನನಗೆ ಆ ಮನೆ ನೋಡಿ ಮೈ ಉರಿಯಿತು. ಹುಟ್ಟಿದಾಗಿನಿಂದ ನಾನು ಬಾಡಿಗೆ ಮನೆಗಳಲ್ಲೇ ಬೆಳೆದವನು. ಪ್ರತಿ ಮನೆಯಲ್ಲೂ ಬೇರೆ ಯಾರೋ ಹೊಡೆದ ಮೊಳೆಗೆ ನನ್ನ ಅಂಗಿ ತಗುಲಿಹಾಕಿದ್ದೇನೆ, ಬೇರೆ ಯಾರದೋ ಒಗ್ಗರಣೆಯ ಮಸಿ ಹಿಡಿದ ಗೋಡೆಗೆ ಒರಗಿ ಕೂತಿದ್ದೇನೆ. ಮೊದಲ ಮೊಳೆ ನಾನೇ ಹೊಡೆಯುವಂಥ ಗೋಡೆ ನನಗೆ ಬೇಕಿತ್ತು. ಯಾರೂ ಹೆರದ, ಯಾರೂ ಸಾಯದ, ಯಾರ ಜಗಳವನ್ನೂ ಕೇಳಿಸಿಕೊಳ್ಳದ ಮನೆ. ಅಂಥದ್ದು ಜಯನಗರದಲ್ಲಿ ಸಿಕ್ಕಿತ್ತು. ಬಡಾವಣೆಯ ದಕ್ಷಿಣದ ತುದಿ. ತಾರಸಿ ಮನೆ, ಕೆಂಪು ನೆಲ, ಗೋಡೆಗೆ ಆಗತಾನೆ ಸುಣ್ಣ ಬಳಿದಿದ್ದರು. ಅದರಾಚೆ ಖಾಲಿ ಸೈಟುಗಳು, ಅವುಗಳಾಚೆ ಸಾರಕ್ಕಿಯ ಕಡೆಗೆ ರಾಗಿ ಹೊಲ. ಕಟ್ಟಿಸಿದವನು ಅಲ್ಲಿಯದೇ ಹಳ್ಳಿಯ ಮುನಿಯಪ್ಪ ಎಂಬುವನು, ಹಿಂದೆ ಬೇಸಾಯಗಾರ, ಆಗ ಕಂಟ್ರಾಕ್ಟರು.

ಒಂದು ಭಾನುವಾರ ಮಧ್ಯಾಹ್ನ ಗಿರಿಜಾಳನ್ನು ಆ ಮನೆ ತೋರಿಸಲು ಕರೆದುಕೊಂಡು ಹೋದೆ. ಗಾಂಧಿ ಬಜಾರಿನಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದನ್ನು ಹೊಲಿಸುವ ತನಕ ಅವಳು ಹೂವಿನ ಅಂಗಡಿಗಳ ಕಡೆ ಹೋಗಿ ಬಂದಳು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಅದನ್ನು ಇಂದಿಗೂ ಮರೆತಿಲ್ಲ.

ಮುನಿಯಪ್ಪ ಸೈಕಲ್ಲಿನಲ್ಲಿ ಬಂದು ಬೀಗ ತೆಗೆದ. ಗಿರಿಜಾ ಒಬ್ಬಳೇ ಒಳಗೆ ಹೋದಳು. ನಾನು ಅವನೊಂದಿಗೆ ಬಿಸಿಲಲ್ಲಿ ನಿಂತು ಕಾಂಪೌಂಡಿನ ಬಗ್ಗೆ ವಾದಕ್ಕೆ ಬಿದ್ದೆ. ಕಾಲು ಗಂಟೆ ಆಗಿರಬಹುದು. ಅವಳು ಹೊರಗೆ ಬಂದಾಗ ಬೆಳಿಗ್ಗೆ ಇಟ್ಟುಕೊಂಡಿದ್ದ ಕುಂಕುಮದ ಮೇಲೆ ಇನ್ನೊಂದು ಕುಂಕುಮ ದಪ್ಪಗೆ ಕೂತಿತ್ತು. ಕೆನ್ನೆಯ ಮೇಲೆ ಅರಿಶಿನ. ಸೆರಗಿನಲ್ಲಿ ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ.

"ಮನೆಯವರು ಕೂತ್ಕೊಳ್ಳಿ ಅಂತ ಒಂದು ಮಾತು ಅನ್ಲಿಲ್ಲ ರೀ," ಎಂದಳು ಮೆಲ್ಲಗೆ. "ಕುಂಕುಮ ತಗೊಂಡು ಹೊರಡಿ ಅಂದ್ರು."

ಮುನಿಯಪ್ಪ ಅವಳ ಮುಖವನ್ನೇ ನೋಡಿದ. "ಯಾವ ಮನೆಯವರು ತಾಯಿ? ಬೀಗ ನಾನ್ ಈಗ್ಲೇ ತಾನೆ ತೆಗ್ದಿದ್ದು."

ನಮ್ಮಲ್ಲಿ ಮುತ್ತೈದೆ ಮನೆಗೆ ಬಂದರೆ ಕುಂಕುಮ ಕೊಡದೆ ಕಳಿಸುವುದಿಲ್ಲ. ಆದರೆ ಅದನ್ನು ಕೊಡುವುದು ಎದ್ದು ಹೊರಡುವಾಗ. ಬಂದವಳು ಒಳಗೆ ಕಾಲಿಡುತ್ತಲೇ ಕುಂಕುಮದ ತಟ್ಟೆ ತಂದರೆ, ನೀನು ಬಂದದ್ದು ಸಾಕು ಎಂದು ಹೇಳಿದ ಹಾಗೆಯೇ. ಗಿರಿಜಾಳಿಗೆ ಅದು ನಾಟಿತ್ತು. ಅಡುಗೆಮನೆಯಲ್ಲಿ ನಡುವಯಸ್ಸಿನ ಹೆಂಗಸು, ಹಸಿರು ಸೀರೆ, ಕೆಲಸದ ನಡುವೆ ಎದ್ದವಳ ಹಾಗೆ ಕೈ ಒದ್ದೆ. ಇಷ್ಟೇ ಅವಳು ಹೇಳಿದ್ದು.

ನಾನೂ ಮುನಿಯಪ್ಪನೂ ಒಳಗೆ ಹೋಗಿ ನೋಡಿದೆವು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಕಿಟಕಿಗಳಿಗೆ ಸರಳು. ನೆಲದ ಸಿಮೆಂಟಿನ ಧೂಳಿನಲ್ಲಿ ಗಿರಿಜಾಳ ಹೆಜ್ಜೆಗಳು ಒಲೆಕಟ್ಟೆಯ ತನಕ ಹೋಗಿ ಹಿಂತಿರುಗಿದ್ದವು. ಬೇರೆ ಹೆಜ್ಜೆ ಇರಲಿಲ್ಲ. ಯಾರೋ ಕೂಲಿ ಹೆಂಗಸಿರಬೇಕು ಎಂದು ಮುನಿಯಪ್ಪ ಗೊಣಗಿದ. ಅವಳು ಯಾವ ದಾರಿಯಲ್ಲಿ ಹೊರಗೆ ಹೋದಳು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಉತ್ತರ ಆಗಲೇ ಹೊಳೆದಿತ್ತು. ಗಾಂಧಿ ಬಜಾರಿನಲ್ಲಿ ಎಲೆ, ಅಡಿಕೆ, ಕುಂಕುಮ ಎಲ್ಲ ಸಿಗುತ್ತವೆ. ಯಡಿಯೂರಿನ ಮನೆ ಬೇಕೆಂದು ಇವಳು ನಾಟಕ ಹೂಡಿದ್ದಾಳೆ.

ಮನೆಗೆ ಬಂದು ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ.

"ನಾನು ನಿಮ್ಮ ಹತ್ರ ಸುಳ್ಳು ಹೇಳ್ತೀನಾ?" ಎಂದು ಕೇಳಿದಳು.

"ಹೇಳ್ತೀಯ," ಎಂದೆ.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವಳು ಒಂದು ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಹಾಲು ಉಕ್ಕಿಹೋದರೂ ಬೆಕ್ಕಿನ ಮೇಲೆ ಹಾಕದೆ, ನಾನೇ ಮರೆತೆ ಎನ್ನುವ ಹೆಂಗಸು. ಆದರೂ ಆ ಮಾತು ಬಾಯಿಗೆ ಬಂತು, ಹಿಂತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಜಗಳಕ್ಕೂ ನಿಲ್ಲಲಿಲ್ಲ. ಹದಿನೈದು ದಿನ ಹೊತ್ತುಹೊತ್ತಿಗೆ ಅಡುಗೆ ಮಾಡಿ ಬಡಿಸಿದಳು, ಮಾತು ಮಾತ್ರ ಬೇಕಾದಷ್ಟೇ. ಆ ಮೌನ ನನ್ನನ್ನು ಇನ್ನಷ್ಟು ಕೆರಳಿಸಿತು.

ಕೊನೆಗೆ ಮುನಿಯಪ್ಪನಿಗೆ ಮಾತು ಕೊಟ್ಟು, ಕರಾರು ಬರೆಯುವ ಮುಂಚೆ ಇನ್ನೊಮ್ಮೆ ಮನೆ ನೋಡಿಬರೋಣ ಎಂದು ಹೇಳಿದೆ. ಗಿರಿಜಾ ಬರುವುದಿಲ್ಲ ಎಂದಳು.

"ನೀನು ಬರ್ದೆ ಇದ್ರೆ ನಾನೊಬ್ನೇ ಸಹಿ ಹಾಕಿ ಬರ್ತೀನಿ. ಆಮೇಲೆ ಬೇಕಾದ್ರೆ ಬಾ, ಬೇಡದಿದ್ರೆ ನಿಮ್ಮಪ್ಪನ ಮನೆಗೆ ಹೋಗು."

ಇಂಥ ಮಾತನ್ನು ಆಡಿದ್ದು ಅದೇ ಮೊದಲು, ಅದೇ ಕೊನೆ. ಅವಳು ಸೀರೆ ಬದಲಾಯಿಸಿ ಹೊರಟಳು.

ಅಂದೂ ಮಧ್ಯಾಹ್ನವೇ. ನಮ್ಮ ಮನೆಗಳಲ್ಲಿ ಹೆಂಗಸರು ಹಣೆಗೆ ಮೂರೆಳೆ ವಿಭೂತಿ ಹಚ್ಚಿ ನಡುವೆ ಕುಂಕುಮ ಇಡುತ್ತಾರೆ. ಬಸ್ಸಿಳಿದು ನಡೆಯುವಾಗ ಬೆವರಿಗೆ ಅವಳ ಕುಂಕುಮ ಸ್ವಲ್ಪ ಕರಗಿ ಮೂಗಿನ ಕಡೆ ಇಳಿದಿತ್ತು. ಒರೆಸಿಕೋ ಎಂದು ನಾನೇ ಹೇಳಿದೆ. ಅವಳು ಸೆರಗಿನ ತುದಿಯಿಂದ ಮೂಗನ್ನಷ್ಟೇ ಒರೆಸಿಕೊಂಡಳು. ಕುಂಕುಮ ಹಣೆಯಲ್ಲಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ಈ ಸಲ ನಾನು ಹುಷಾರಾಗಿದ್ದೆ. ಅವಳ ಕೈಯಲ್ಲಿ ಚೀಲವಿರಲಿಲ್ಲ, ದಾರಿಯಲ್ಲಿ ಎಲ್ಲೂ ಅವಳೊಬ್ಬಳನ್ನೇ ಬಿಟ್ಟಿರಲಿಲ್ಲ. ಮುನಿಯಪ್ಪ ಬೀಗ ತೆಗೆದ ಮೇಲೆ ನಾನು ಹೊಸ್ತಿಲ ಮೇಲೇ ನಿಂತು, "ಹೋಗು, ಅಡುಗೆಮನೆ ನೋಡ್ಕೊಂಡು ಬಾ," ಎಂದೆ. ಅವಳು ಹಜಾರ ದಾಟಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು. ಬೆನ್ನು ನನಗೆ ಕಾಣುತ್ತಿತ್ತು. ಅವಳು ಎರಡು ಹೆಜ್ಜೆ ಒಳಗೆ ಇಟ್ಟಳು, ಬೆನ್ನು ಮರೆಯಾಯಿತು. ಆಮೇಲೆ ಒಂದು ಶಬ್ದ ಕೇಳಿಸಿತು. ಹಿತ್ತಾಳೆ ತಟ್ಟೆಯನ್ನು ಕಲ್ಲಿನ ಮೇಲೆ ಇಟ್ಟ ಶಬ್ದ. ಜೋರಾಗೇನೂ ಅಲ್ಲ, ದಿನವೂ ಮನೆಯಲ್ಲಿ ಕೇಳುವಂಥದ್ದೇ. ಆ ಮನೆಯಲ್ಲಿ ಒಂದು ಲೋಟ ಕೂಡ ಇರಲಿಲ್ಲ.

ಗಿರಿಜಾ ಹೊರಬಂದಳು. ಹಣೆಯ ವಿಭೂತಿಯ ಮೂರು ಎಳೆಗಳೂ ಕದಡದೆ ಹಾಗೇ ಇದ್ದವು. ನಡುವಿನ ಕುಂಕುಮ ಇರಲಿಲ್ಲ. ಒರೆಸಿದ ಗುರುತಿಲ್ಲ, ಕೆಂಪಿನ ಛಾಯೆಯೂ ಇಲ್ಲ. ಬರಿಯ ವಿಭೂತಿಯ ಹಣೆ. ನಮ್ಮ ಕಡೆ ಗಂಡ ಸತ್ತವಳ ಹಣೆ ಹಾಗಿರುತ್ತಿತ್ತು. ನನ್ನ ಅಕ್ಕನ ಹಣೆಯನ್ನು ಹಾಗೆ ನೋಡಿದ್ದೆ, ಆದ್ದರಿಂದ ಕಣ್ಣಿಗೆ ತಕ್ಷಣ ಹೊಡೆಯಿತು. ಅವಳಿಗೆ ಅದು ಇನ್ನೂ ಗೊತ್ತಿರಲಿಲ್ಲ.

"ತಟ್ಟೆ ಹಿಡ್ಕೊಂಡು ಬಂದ್ರು," ಎಂದಳು. "ನನ್ನ ಮುಖ ನೋಡಿದ್ರು. ಆಮೇಲೆ ನನ್ನ ಹೆಗಲ ಮೇಲಿಂದ ನಿಮ್ಮನ್ನ ನೋಡಿದ್ರು. ತಟ್ಟೆ ಕೆಳಗಿಟ್ಬಿಟ್ರು."

ಹೊಸ್ತಿಲಿನಿಂದ ನನಗೆ ಅಡುಗೆಮನೆಯ ಒಳಗು ಕಾಣುತ್ತಿರಲಿಲ್ಲ. ಅಲ್ಲಿಂದ ನೋಡಿದರೆ ನಾನೂ ಕಾಣಬಾರದು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮನೆಯಾಗಲಿರುವ ಮನೆಯಲ್ಲಿ ನನ್ನನ್ನು ಅಳೆದು ನೋಡುವವರು ಯಾರು ಎಂಬ ಸಿಟ್ಟು. ಬಿರಬಿರನೆ ಒಳಗೆ ನಡೆದೆ. ಅಡುಗೆಮನೆ ಖಾಲಿ. ಸುಣ್ಣದ ಬಿಳಿ ಗೋಡೆಯ ಮೇಲೆ, ಗಿರಿಜಾಳ ಹಣೆಯ ಎತ್ತರಕ್ಕೆ, ಒಂದು ಬೆರಳಿನ ಕುಂಕುಮ. ಮುಟ್ಟಿದೆ. ಒದ್ದೆಯಾಗಿತ್ತು.

ಆ ಗಳಿಗೆಯಲ್ಲಿ ಏನಾಯಿತು ಎಂದು ಅಲಂಕಾರವಿಲ್ಲದೆ ಹೇಳುತ್ತೇನೆ. ನಾನು ಹೆದರಿದೆ. ಯಾರೂ ಮೈಮೇಲೆ ಬೀಳಲಿಲ್ಲ, ತಣ್ಣನೆಯ ಗಾಳಿ ಬೀಸಲಿಲ್ಲ, ನಡುಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಲೆಕಟ್ಟೆಯ ಮೇಲೆ ಬಿದ್ದಿತ್ತು. ಆದರೆ ತಾನು ಬೇಡವಾದ ಮನೆಗೆ ನುಗ್ಗಿದವನಿಗೆ ಆಗುವ ಇರಿಸುಮುರಿಸು ಇದೆಯಲ್ಲ, ಅದು ಎಲ್ಲ ಕಡೆಯಿಂದ ಒತ್ತಿ ಬಂತು. ಮುನಿಯಪ್ಪ ಹಿಂದಿನಿಂದ ಬಂದು ಗುರುತನ್ನು ನೋಡಿದ. ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಕೂಲಿಯವರ ಕೆಲಸ ಎಂದ. ಅವನ ಕೈ ನಡುಗುತ್ತಿತ್ತು ಎಂದು ಬರೆದರೆ ಕತೆಗೆ ಚೆನ್ನ, ಆದರೆ ನಡುಗಲಿಲ್ಲ. ಮನೆ ಮಾರುವ ಆತುರದಲ್ಲಿದ್ದ ಮನುಷ್ಯ.

ಹೊರಗೆ ಬಂದು ಗಿರಿಜಾಳಿಗೆ ಸುಮ್ಮನೆ, "ನಡಿ," ಎಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬಳು ಅವಳ ಹಣೆ ನೋಡಿ ಮುಖ ಸರಿಸಿದಾಗಲೇ ಅವಳು ಕೈಯಿಂದ ಹಣೆ ಮುಟ್ಟಿಕೊಂಡದ್ದು. ಬೆರಳು ನೋಡಿಕೊಂಡಳು. ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ನಾಲ್ಕು ಜನರ ಎದುರಿಗೆ ಗಂಡನ ತೋಳು ಹಿಡಿಯುವ ಕಾಲವಲ್ಲ ಅದು.

ನಾವು ಯಡಿಯೂರಿನ ಮನೆ ಕೊಂಡೆವು. ಯಾಕೆ ಎಂದು ಕೇಳಿದವರಿಗೆ ಬಾವಿಯ ನೀರು ಸಿಹಿ ಎಂದೆ. ಮೇಷ್ಟರು ಹೊಡೆದ ಮೊಳೆಗಳಿಗೇ ಅಂಗಿ ತಗುಲಿಹಾಕಿದೆ. ಆ ಎರಡು ಮಧ್ಯಾಹ್ನಗಳ ಸುದ್ದಿಯನ್ನು ನಾವಿಬ್ಬರೂ ಎತ್ತಲಿಲ್ಲ. ಸುಳ್ಳು ಹೇಳ್ತೀಯ ಎಂದ ಮಾತಿಗೆ ನಾನು ಕ್ಷಮೆಯನ್ನೂ ಕೇಳಲಿಲ್ಲ. ಕೇಳಿದರೆ ಅವಳು ಹೇಳಿದ್ದು ನಿಜ ಎಂದು ಒಪ್ಪಿದಂತೆ, ನಿಜವೆಂದು ಒಪ್ಪಿದರೆ ಅದರ ಬೆನ್ನಿಗೇ ಬೇರೆ ಏನೇನೋ ಒಪ್ಪಬೇಕು.

ಇನ್ನು ನನ್ನ ತಪ್ಪಿನ ವಿಷಯ. ಎಂಟು ತಿಂಗಳ ನಂತರ ನಮ್ಮ ಆಫೀಸಿಗೆ ಸದಾಶಿವಯ್ಯ ಎಂಬುವರು ವರ್ಗವಾಗಿ ಬಂದರು. ಮೃದು ಸ್ವಭಾವದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಾಫಿಗೆ ಹೋದಾಗ ಕೇಳಿದರು.

"ಜಯನಗರದಲ್ಲಿ ಮುನಿಯಪ್ಪನ ಮನೆ ನೀವೂ ನೋಡಿದ್ರಂತೆ. ಹೇಗಿದೆ ಸಾರ್?"

ಸುತ್ತ ನಾಲ್ಕು ಜನ ಇದ್ದರು, ರಾಹುಕಾಲಕ್ಕೆ ನನ್ನಿಂದ ಗೇಲಿಗೊಳಗಾದವರು. ನಾನು, "ಹೊಸ ಮನೆ, ಗಾಳಿ ಬೆಳಕು ಚೆನ್ನಾಗಿದೆ," ಎಂದೆ. ನನ್ನ ಹೆಸರು ಉಳಿಯಿತು.

ಅವರು ಕೊಂಡರು. ವರ್ಷ ತುಂಬುವುದರೊಳಗೆ ತೀರಿಹೋದರು. ಜ್ವರ. ಆ ವರ್ಷ ನಮ್ಮ ಆಫೀಸಿನಲ್ಲೇ ಮೂವರು ಅದೇ ಜ್ವರದಲ್ಲಿ ಮಲಗಿ ಎದ್ದಿದ್ದರು. ಜ್ವರಕ್ಕೂ ಗೋಡೆಗೂ ಸಂಬಂಧವಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಈಗಲೂ ಹೇಳಿಕೊಳ್ಳುತ್ತೇನೆ.

ಪಿಂಚಣಿಯ ಕಾಗದಕ್ಕೆ ಸಹಿ ಮಾಡಿಸಲು ಅವರ ಹೆಂಡತಿ ರುದ್ರಮ್ಮ ಒಂದು ದಿನ ನಮ್ಮ ಮನೆಗೆ ಬಂದರು. ಬರಿಯ ವಿಭೂತಿಯ ಹಣೆ. ಗಿರಿಜಾ ಕಾಫಿ ಕೊಟ್ಟು ಹತ್ತಿರ ಕೂತಳು. ನಾನು ಮೇಜಿನ ಹತ್ತಿರ ಕಾಗದ ನೋಡುತ್ತಿದ್ದೆ. ಆಕೆ ಲೋಟ ಕೆಳಗಿಟ್ಟು, ತಲೆ ಎತ್ತದೆ ಕೇಳಿದರು.

"ಅಕ್ಕ, ನೀವು ಆ ಮನೆ ನೋಡೋಕೆ ಹೋದಾಗ ಒಳಗೆ ಯಾರಾದ್ರೂ ಇದ್ರಾ?"

ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಆಕೆಯ ಕೈ ಹಿಡಿದುಕೊಂಡು, "ಇಲ್ಲಮ್ಮ, ಯಾರೂ ಇರಲಿಲ್ಲ," ಎಂದಳು.

ಯಾಕೆ ಕೇಳಿದಿರಿ ಎಂದು ರುದ್ರಮ್ಮನನ್ನು ನಾವು ಕೇಳಲಿಲ್ಲ. ಆಕೆ ಕಾಗದ ತೆಗೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಮನೆ ಮಾರಿ ತವರಿಗೆ ಹೊರಟುಹೋದರು ಎಂದು ಕೇಳಿದೆ.

ಗಿರಿಜಾ ಹೋಗಿ ಈಗ ಆರು ವರ್ಷ. ಅವಳು ಬಯಸಿದ್ದ ಹಾಗೆ ನನಗಿಂತ ಮುಂಚೆ, ಹಣೆಯ ತುಂಬ ಕುಂಕುಮ ಇಟ್ಟುಕೊಂಡೇ ಹೋದಳು. ಕೊನೆಯ ತಿಂಗಳುಗಳಲ್ಲಿ ಅವಳ ಹಾಸಿಗೆಯ ಪಕ್ಕ ದಿನವೆಲ್ಲ ಕೂತಿರುತ್ತಿದ್ದೆ. ಆ ಮನೆಯ ವಿಷಯ ಕೇಳಬಹುದಿತ್ತು. ಪ್ರತಿದಿನ ಕೇಳಬೇಕೆಂದು ಕೂತು, ಮಾತ್ರೆ ಕೊಟ್ಟು ಎದ್ದುಬರುತ್ತಿದ್ದೆ. ನನ್ನ ಹೆಂಡತಿ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾಳೆ. ಅದನ್ನು ಹೇಳಿದ್ದು ನನಗೋ ರುದ್ರಮ್ಮನಿಗೋ, ನನಗೆ ಗೊತ್ತಿಲ್ಲ.