ಯಲ್ಲಪ್ಪ ಮಾವ ಸೋತ ಕುಸ್ತಿ

ಮೊನ್ನೆ ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತಿದ್ದೆ. ಈ ವಯಸ್ಸಿನ ನನ್ನ ಮೊಣಕಾಲಿಗೂ ಗರಡಿಮನೆಗೂ ಯಾವ ಸಂಬಂಧವೂ ಇಲ್ಲ ಬಿಡಿ. ಆದರೂ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲ್ಲಪ್ಪ ಮಾವ ಕಣ್ಣೆದುರು ಬಂದು ನಿಂತ.

ಮಾವನೆಂದರೆ ನನ್ನ ಸೋದರತ್ತೆ ನಿಂಗವ್ವನ ಗಂಡ. ನಿಜಾಮರ ಕಾಲ ಅದು. ಯಲಬುರ್ಗಾ ಸೀಮೆಯ ದೇಸಾಯರೊಬ್ಬರು ತಮ್ಮ ವಾಡೆಯಲ್ಲಿ ಪೈಲ್ವಾನರನ್ನು ಸಾಕುತ್ತಿದ್ದರು. ಹಾಲು, ತುಪ್ಪ, ಬಾದಾಮಿಯ ಖುರಾಕು ವಾಡೆಯದು. ಗೆದ್ದ ಹೆಸರೂ ವಾಡೆಯದೇ. ಅವರೊಳಗೆ ಮಾವನೇ ದೊಡ್ಡ ಪೈಲ್ವಾನ. ಜನ ಅವನನ್ನು ಆನೆ ಅನ್ನುತ್ತಿದ್ದರು. ಅತ್ತೆ ಮಾತ್ರ, "ಆನಿ ಆಗಿದ್ರ ತನ್ನ ತಲಿ ತಾನಾ ತೊಳಕೋತಿತ್ತು" ಎಂದು ನಗುತ್ತಿದ್ದಳು.

ಮದುವೆಯಾದ ಮರುವರ್ಷ ಸಿಡುಬು ಬಂದು ಅತ್ತೆಯ ಎರಡೂ ಕಣ್ಣು ಹೋದವು. ಊರಿಗೆಲ್ಲ ಮಾವನ ಮೇಲೆ ಕನಿಕರ ಹುಟ್ಟಿತು, ಕಣ್ಣು ಹೋದದ್ದು ಅವನದೇ ಎಂಬಂತೆ! ದೇಸಾಯರು ಕರೆಸಿದರು.

"ಯಲ್ಲಪ್ಪಾ, ಆಕೀನ್ನ ತವರಿಗೆ ಕಳಸು. ನಮ್ಮ ಕಾರಭಾರಿ ಮಗಳನ್ನ ಮಾಡಿಕೋ. ವಾಡೇದ ಪೈಲ್ವಾನನ ಮನ್ಯಾಗ ಕುರುಡಿ ಇದ್ರ ಛಲೋ ಕಾಣ್ಸೂದಿಲ್ಲ."

"ಧಣ್ಯಾರ, ನಾಳೆ ನನ್ನ ಕಾಲು ಮುರದ್ರ ಆಕೀನೂ ಬ್ಯಾರೆ ಗಂಡನ್ನ ನೋಡ್ಕೋಬೇಕೇನ್ರಿ?"

ಮರುದಿನವೇ ಖುರಾಕು ನಿಂತಿತು. ಮಾವ ವಾಡೆ ಬಿಟ್ಟು ಹೊಲಕ್ಕಿಳಿದ. ಬಾದಾಮಿ ಹೋಗಿ ಸಜ್ಜೆ ರೊಟ್ಟಿ ಬಂತು. "ನನ್ನ ಸಲುವಾಗಿ ನಿಮ್ಮ ಕುಸ್ತಿ ಹಾಳಾಗ್ತೈತಿ" ಎಂದು ಅತ್ತೆಯೇ ಒಮ್ಮೆ ಗಂಟು ಕಟ್ಟಿ ಹೊರಟಳಂತೆ. ಮಾವ ಬಾಗಿಲಿಗೆ ಅಡ್ಡ ಕೂತು, "ದಾಟಿ ಹೋಗು, ನೋಡೂಣು" ಅಂದನಂತೆ. ಆ ಮೈಯನ್ನು ದಾಟುವುದು ಕಣ್ಣಿದ್ದವರಿಗೂ ಆಗದ ಮಾತು.

ಮುಂದೆ ಕುಷ್ಟಗಿಯಲ್ಲಿ ಕುಸ್ತಿ ನಡೆದಾಗ ದೇಸಾಯರ ಹೊಸ ಪೈಲ್ವಾನನಿಗೆ ಮಾವನೇ ಎದುರು ನಿಂತ. ಹೆಂಗಸರು ಅತ್ತ ಸುಳಿಯದ ಕಾಲ. ಅವನು ಅತ್ತೆಯ ಕೈ ಹಿಡಿದು ಕರೆತಂದು, ಮುಂದಿನ ಸಾಲಿನಲ್ಲಿ, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನನ್ನ ಮತ್ತು ಅಪ್ಪನ ನಡುವೆ ಕೂರಿಸಿದ. ಯಾರೋ ಗೊಣಗಿದರು.

"ನನ್ನ ಹೇಣ್ತಿಗೆ ಕುಂದ್ರಾಕ ಜಾಗ ಇಲ್ಲಂದ್ರ ನನಗ ನಿಂದ್ರಾಕೂ ಇಲ್ಲ" ಎಂದ ಮಾವ. ಗೊಣಗಾಟ ಅಡಗಿತು.

ಅವನು ಗೆದ್ದನೆಂದು ಹೇಳಲು ನನಗೂ ಆಸೆ. ಆದರೆ ಸೋತ. ಬಹಳ ಹೊತ್ತು ಸೆಣಸಿದ ಮೇಲೆ ಅವನ ಬೆನ್ನು ಮಣ್ಣಿಗೆ ಹತ್ತಿತು. "ಹೇಣ್ತಿ ಸೆರಗು ಪೈಲ್ವಾನನ್ನ ತಿಂತು ನೋಡ್ರಿ!" ಎಂದು ದೇಸಾಯರ ಕಡೆಯವನೊಬ್ಬ ಕೂಗಿದ. ಜನ ನಕ್ಕರು. ಅತ್ತೆ ತಲೆ ತಗ್ಗಿಸಿದಳು.

ಮಾವ ಎದ್ದ. ಗೆದ್ದವನ ಕೈಯನ್ನು ತಾನೇ ಎತ್ತಿ ಹಿಡಿದ.

"ಇಂವ ನನಗಿಂತ ಛಲೋ ಆಡ್ಯಾನ, ಗೆದ್ದಾನ. ಸೋತಾಂವ ನಾನು. ನಡಕ ಆಕಿ ಹೆಸರು ಯಾಕ ತಗೀತೀರಿ?"

ಆಮೇಲೆ ಯಾರೂ ನಗಲಿಲ್ಲ.

ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವ ಸೀಮೆಯದು. ಮಣ್ಣು ಮೆತ್ತಿದ ಮೈಯಲ್ಲೇ ಅತ್ತೆಯ ಕೈ ಹಿಡಿದು ಅವನು ನಡುಬಜಾರದಲ್ಲಿ ನಡೆದ. ನಾವು ಹಿಂದೆ ಹಿಂದೆ.

"ಪೆಟ್ಟು ಹತ್ತೈತೇನ್ರಿ?" ಅತ್ತೆ ಕೇಳಿದಳು.

"ಇಲ್ಲ."

"ಮತ್ತ, ಮುಂದಿನ ಕುಸ್ತಿ ಯಾವ ಊರಾಗ?"

ಗಂಗಾವತಿಯಲ್ಲಿತ್ತು, ಮರಳಿ ಎಂಬ ಊರಿನಲ್ಲಿತ್ತು. ಕೆಲವು ಗೆದ್ದ, ಕೆಲವು ಸೋತ. ಆಕೆ ಎಲ್ಲ ಕಡೆಯೂ ಮುಂದಿನ ಸಾಲಿನಲ್ಲಿದ್ದಳು. ಬರಬರುತ್ತ ಬೇರೆ ಪೈಲ್ವಾನರ ಹೆಂಡಂದಿರೂ ಪಕ್ಕದಲ್ಲಿ ಬಂದು ಕೂತರು.

ನಿಷ್ಠೆಯ ಹೆಂಗಸರನ್ನು ಪತಿವ್ರತೆ ಎಂದು ನಾವು ಬೀದಿಬೀದಿಯಲ್ಲಿ ಹೊಗಳುತ್ತೇವೆ. ಗಂಡಸರಿಗೂ ಅಂಥದ್ದೊಂದು ಮಾತಿದೆ, ಏಕಪತ್ನೀವ್ರತಸ್ಥ ಎಂದು. ಅದನ್ನು ದೇವರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೇವೆ. ನಾನೂ ಇಷ್ಟು ವರ್ಷ ಹೂಂಗುಟ್ಟಿದವಳೇ. ಇನ್ನು ಆ ಮಾತನ್ನು ಯಲ್ಲಪ್ಪ ಮಾವನಿಗೇ ಕೊಡುವವಳು. ಒಪ್ಪದವರು ಬರಲಿ, ಎದ್ದು ನಿಲ್ಲುತ್ತೇನೆ, ಗೋಡೆ ಹಿಡಿದುಕೊಂಡಾದರೂ ಸರಿ.